ಸ್ಪಷ್ಟನೆ: ವಾರಕ್ಕೊಂದು ದಿನ ಹುಲಿಗೆ ಮಾಂಸ ಹಾಕದಿರುವುದು ಖರ್ಚು ಉಳಿಸಲಿಕ್ಕಲ್ಲ

‘ಮೃಗಾಲಯಗಳು ದುಡ್ಡು ಉಳಿಸಲು ಹುಲಿ, ಸಿಂಹಗಳನ್ನು ವಾರಕ್ಕೊಂದು ದಿನ ಉಪವಾಸ ಕೆಡವುತ್ತವೆ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಉಪವಾಸದ ದಿನ ಇರುವುದು ನಿಜ, ಹೇಳಿರುವ ಕಾರಣ ಸುಳ್ಳು.

ಕಾಡಿನ ಹುಲಿಗೆ ದಿನವೂ ಬೇಟೆ ಸಿಗುವುದಿಲ್ಲ. ಸಿಕ್ಕಾಗ ಹೊಟ್ಟೆ ಬಿರಿಯೆ ತಿಂದು, ಮುಂದೆ ಕೆಲವು ದಿನ ಖಾಲಿ ಹೊಟ್ಟೆಯಲ್ಲೇ ಇರುತ್ತದೆ. ಅದರ ಜೀರ್ಣಾಂಗ ಈ ಕ್ರಮಕ್ಕೆ ಒಗ್ಗಿದೆ. ಓಡಾಟ ಕಡಿಮೆಯಿರುವ ಆವರಣದಲ್ಲಿ ದಿನವೂ ಎಂಟು–ಹತ್ತು ಕಿಲೋ ಮಾಂಸ ಹಾಕಿದರೆ ಬೊಜ್ಜು ಬೆಳೆಯುತ್ತದೆ, ಕೀಲುಗಳ ಮೇಲೆ ಭಾರ ಬೀಳುತ್ತದೆ. ಉಪವಾಸದ ದಿನವೂ ನೀರು ಇದ್ದೇ ಇರುತ್ತದೆ. ಮರಿಗಳು, ಗಬ್ಬದ ಮತ್ತು ಹಾಲೂಡಿಸುವ ತಾಯಂದಿರು, ಕಾಯಿಲೆಯ ಪ್ರಾಣಿಗಳಿಗೆ ಈ ನಿಯಮವಿಲ್ಲ.

ಇನ್ನೊಂದು ಮಾತು: ‘ಮೂಳೆ ಹಾಕಿ ತೂಕ ತುಂಬಿಸುತ್ತಾರೆ’ ಎಂಬ ದೂರಂತೂ ತೀರಾ ತಲೆಕೆಳಗು. ಬರೀ ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ಅತ್ಯಲ್ಪ; ಆ ಕೊರತೆಯನ್ನು ಮೂಳೆ ತುಂಬುತ್ತದೆ. ಬರೀ ಮಾಂಸವನ್ನಷ್ಟೇ ತಿಂದು ಬೆಳೆದ ಮರಿಯ ಎಲುಬು ಮೆತ್ತಗಾಗಿ ಮುರಿಯುತ್ತದೆ. ಹಸಿ ಮೂಳೆ ಕಡಿಯುವುದರಿಂದ ಹಲ್ಲಿನ ಪಾಚಿಯೂ ಕಳೆಯುತ್ತದೆ.

ಕನಿಕರದಿಂದ ಏನನ್ನೂ ಎಸೆಯಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ 38ಜೆ ಕಲಂ ಅದನ್ನು ನಿಷೇಧಿಸಿದೆ. ಮನಸ್ಸಿದ್ದವರು ಮೈಸೂರು ಮೃಗಾಲಯದ ದತ್ತು ಯೋಜನೆಗೆ ಸೇರಬಹುದು. ಪ್ರಾಣಿ ನಿಮ್ಮದಾಗುವುದಿಲ್ಲ, ಆರೈಕೆಗೆ ನಿಮ್ಮ ಹಣ ನೆರವಾಗುತ್ತದೆ.