ಸಿಂಗಾರ ಬಿಡದ ಬ್ಯಾಟರುಗಳು

ಪಿಟ್ಸ್‌ಬರ್ಗಿಗೆ ಬಂದ ಹೊಸತು, 2014ನೇ ಇಸವಿ. ಕಚೇರಿಯಲ್ಲಿ ಮಧ್ಯಾಹ್ನದ ಊಟಕ್ಕೆ ಕುಳಿತಾಗ ಹಿರಿಯ ಸಹೋದ್ಯೋಗಿಯೊಬ್ಬರು ನನ್ನತ್ತ ತಿರುಗಿ, "ನಮ್ಮ ಫಾರ್ಮ್ ಬಗ್ಗೆ ನಿನಗೇನು ಅನ್ನಿಸುತ್ತದೆ?" ಎಂದು ಕೇಳಿದರು. ನಾನು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆಯವನು. ಊರು ಬಿಟ್ಟ ಮೇಲೆ ಕೃಷಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಕೇಳಿದ ಮೊದಲ ಮಹಾನುಭಾವರು ಅವರು. ಸಂತೋಷ ತಡೆಯಲಾರದೆ ಹತ್ತು ನಿಮಿಷ ಮಾತಾಡಿದೆ. ನೀರು ನಿಂತರೆ ಬೇರು ಕೊಳೆಯುತ್ತದೆ, ಬಸಿಗಾಲುವೆ ಆಳವಾಗಿರಬೇಕು ಎಂದೆ. ಸಗಣಿ ಗೊಬ್ಬರಕ್ಕೆ ಸಮನಾದದ್ದು ಇನ್ನೊಂದಿಲ್ಲ ಎಂದೆ. ಕೊನೆಗೆ, "ಒಳ್ಳೆಯ ಆಳುಗಳು ಸಿಗುವುದಿಲ್ಲ, ಸಿಕ್ಕಿದರೂ ಹೆಚ್ಚು ಕೂಲಿ ಕೊಡುವವರ ಕಡೆಗೆ ಓಡಿಹೋಗುತ್ತಾರೆ" ಎಂದಾಗ ಮೇಜಿನ ಸುತ್ತ ಕುಳಿತವರೆಲ್ಲ ತಲೆದೂಗಿದರು. ಒಬ್ಬಾಕೆಯಂತೂ ನಿಟ್ಟುಸಿರು ಬಿಟ್ಟರು.

ಫಾರ್ಮ್ ಎಂದರೆ ಇಲ್ಲಿನ ಬೇಸ್‌ಬಾಲ್ ತಂಡ ಪೈರೇಟ್ಸ್ ಎಳೆಯ ಆಟಗಾರರನ್ನು ಬೆಳೆಸುವ ಕೆಳಹಂತದ ತಂಡಗಳ ಸಾಲು ಎಂದು ತಿಳಿದದ್ದು ವಾರದ ನಂತರ. ಅಷ್ಟರಲ್ಲಿ ನಾನು ಆಟದ ಒಳಮರ್ಮ ಬಲ್ಲವನು, ಒಗಟಿನ ಭಾಷೆಯಲ್ಲಿ ಮಾತಾಡುವವನು ಎಂಬ ಕೀರ್ತಿ ಕಚೇರಿಯಲ್ಲಿ ಹಬ್ಬಿಯಾಗಿತ್ತು. ಬಂದ ಕೀರ್ತಿಯನ್ನು ಹಿಂದಿರುಗಿಸುವ ಸಂಪ್ರದಾಯ ನಮ್ಮ ಮನೆಯಲ್ಲಿಲ್ಲ. ಹಾಗಾಗಿ ಹನ್ನೊಂದು ವರ್ಷದಿಂದ ಬೇಸ್‌ಬಾಲ್ ಗೊತ್ತಿರುವವನಂತೆ ಬದುಕಿದ್ದೇನೆ.

ಮರುವರ್ಷ, ಅಂದರೆ 2015ರಲ್ಲಿ, ತಂಡ 98 ಪಂದ್ಯ ಗೆದ್ದಿತು. ನನ್ನ ಕಾಲ್ಗುಣ ಎಂದು ಸಿಕ್ಕಸಿಕ್ಕವರಲ್ಲಿ ಹೇಳಿಕೊಂಡೆ. ಆಮೇಲಿನ ಹತ್ತು ವರ್ಷದಲ್ಲಿ ಪ್ಲೇಆಫ್‌ನ ಮುಖವನ್ನೇ ಅವರು ಕಂಡಿಲ್ಲ. ಕಾಲ್ಗುಣದ ಸುದ್ದಿಯನ್ನು ನಾನೂ ಎತ್ತಿಲ್ಲ.

ಈ ಊರಿನ ಅಭಿಮಾನಿಗಳ ತಾಳ್ಮೆಯ ಬಗ್ಗೆ ಒಂದು ಮಾತು ಹೇಳಲೇಬೇಕು. 1993ರಿಂದ 2012ರವರೆಗೆ, ಸಾಲಾಗಿ ಇಪ್ಪತ್ತು ವರ್ಷ, ಇವರ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಆ ಕಾಲದಲ್ಲಿ ಹುಟ್ಟಿದ ಕೂಸು ಕಾಲೇಜಿಗೆ ಹೋಗಿ, ಮೀಸೆ ಬೆಳೆಸಿ, ಪ್ರೀತಿಯಲ್ಲಿ ಬಿದ್ದು ಎದ್ದರೂ ತನ್ನ ತಂಡದ್ದೊಂದು ಒಳ್ಳೆಯ ವರ್ಷವನ್ನು ನೋಡಿರಲಿಲ್ಲ. ಅಂಥವರಿಗೆ ಪಂದ್ಯ ನೋಡುವುದರಲ್ಲಿ ಏನು ಸುಖ? ಅವರು ಪಂದ್ಯಕ್ಕಿಂತ ಹೆಚ್ಚಾಗಿ ತಂಡದ ಆಡಳಿತವನ್ನು ನೋಡುತ್ತಾರೆ. ಅದನ್ನು ಫ್ರಂಟ್ ಆಫೀಸ್ ಎನ್ನುತ್ತಾರೆ. ಹೆಸರಿಗೆ ಮುಂಭಾಗದ ಕಚೇರಿ, ಆದರೆ ಅಲ್ಲಿರುವವರು ಯಾರ ಕಣ್ಣಿಗೂ ಬೀಳದಂತೆ ಹಿಂದೆಲ್ಲೋ ಕುಳಿತಿರುತ್ತಾರೆ.

ಈ ವಿಷಯದ ಖಾಯಂ ಅಧಿವೇಶನ ನಡೆಯುವುದು ನನ್ನ ಪಕ್ಕದ ಮನೆಯ ಗ್ಯಾರೇಜಿನಲ್ಲಿ. ಮನೆಯ ಯಜಮಾನರು ಉಕ್ಕಿನ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನಾನೂ ನನ್ನ ಹೆಂಡತಿಯೂ ನಮ್ಮಲ್ಲೇ ಅವರನ್ನು ಉಕ್ಕಿನಜ್ಜ ಎನ್ನುತ್ತೇವೆ. ಎದುರು ಮನೆಯಾಕೆ ಶಾಲೆಯಲ್ಲಿ ಗಣಿತ ಕಲಿಸುತ್ತಾರೆ, ಅವರು ಲೆಕ್ಕದಮ್ಮ. ಉಕ್ಕಿನಜ್ಜನ ಪ್ರಕಾರ ಎಲ್ಲ ರೋಗಕ್ಕೂ ಒಂದೇ ಕಾರಣ, ಮಾಲೀಕರು ಗಂಟು ಬಿಚ್ಚುವುದಿಲ್ಲ. ಲೆಕ್ಕದಮ್ಮನ ಪ್ರಕಾರ ದುಡ್ಡು ನೆಪ ಮಾತ್ರ. ಬಡ ತಂಡಗಳು ಬೇರೆಯೂ ಇವೆ, ಅವು ಹುಡುಗರನ್ನು ಬೆಳೆಸಿಕೊಂಡು ಗೆಲ್ಲುತ್ತಿವೆ, ನಮ್ಮವರಿಗೆ ಬೆಳೆಸಲು ಬರುವುದಿಲ್ಲ. ಈ ವಾದ ನಾನು ಬರುವ ಮೊದಲೇ ಶುರುವಾಗಿತ್ತು. ನನ್ನ ಪಾಲಿನ ಕೆಲಸ ಇಬ್ಬರ ನಡುವೆ ಕುಳಿತು, "ಅದೂ ಹೌದು, ಇದೂ ಹೌದು" ಎನ್ನುತ್ತ ಕಡಲೆಬೀಜ ಖಾಲಿ ಮಾಡುವುದು.

ಒಮ್ಮೊಮ್ಮೆ ಭಾರತೀಯನೆಂಬ ಕಾರಣಕ್ಕೆ ನನ್ನ ಮೇಲೂ ಪ್ರಶ್ನೆ ಬೀಳುವುದುಂಟು. 2008ರಲ್ಲಿ ಇದೇ ಪೈರೇಟ್ಸ್ ತಂಡ ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಎಂಬ, ಒಂದು ಟಿವಿ ಸ್ಪರ್ಧೆಯಲ್ಲಿ ಬೆಳಕಿಗೆ ಬಂದ ಇಬ್ಬರು ಜಾವೆಲಿನ್ ಎಸೆತಗಾರರನ್ನು ಚೆಂಡೆಸೆಯುವ ಪಿಚರ್‌ಗಳಾಗಿ ಸೇರಿಸಿಕೊಂಡಿತ್ತು. ಇಬ್ಬರೂ ಕೆಳಹಂತದ ಪಂದ್ಯಗಳಲ್ಲಿ ಆಡಿದರು, ಮೇಲಿನವರೆಗೆ ಬರಲಿಲ್ಲ. ರಿಂಕು ಆಮೇಲೆ ಕುಸ್ತಿಯ ಅಖಾಡಕ್ಕೆ ಹೋದ. "ಅವರನ್ನು ಸರಿಯಾಗಿ ಬೆಳೆಸಲಿಲ್ಲ, ಅಲ್ಲವೇ?" ಎಂದು ಉಕ್ಕಿನಜ್ಜ ನನ್ನನ್ನು ಕೇಳುತ್ತಾರೆ, ಹುಡುಗರು ನನ್ನ ಚಿಕ್ಕಪ್ಪನ ಮಕ್ಕಳೋ ಎಂಬಷ್ಟು ಮೆತ್ತಗಿನ ದನಿಯಲ್ಲಿ. ತೀರ್ಥಹಳ್ಳಿಗೂ ಅವರೂರಿಗೂ ಇರುವ ದೂರವನ್ನು ವಿವರಿಸುವುದಕ್ಕಿಂತ ದುಃಖವನ್ನು ಸ್ವೀಕರಿಸುವುದೇ ಸುಲಭ.

ಹೀಗೆ ಹೇಗೋ ನಡೆದುಕೊಂಡು ಹೋಗುತ್ತಿತ್ತು. 2025ರ ಜೂನ್ ಮಧ್ಯದಲ್ಲಿ ಅಪ್ಪಯ್ಯ ಬಂದರು.

ಮಳೆಗಾಲದಲ್ಲಿ ತೋಟ ಬಿಟ್ಟು ಹೊರಟದ್ದು ಅವರ ಆಯುಷ್ಯದಲ್ಲೇ ಮೊದಲು. ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಮೊದಲ ಸುತ್ತು ಹೊಡೆಸಿಯೇ ವಿಮಾನ ಹತ್ತಿದ್ದರು. ಎರಡನೆಯದನ್ನು ನನ್ನ ತಮ್ಮ ಹೊಡೆಸಬೇಕು. ತಮ್ಮನ ಮೇಲೆ ಅಪ್ಪಯ್ಯನಿಗೆ ಇರುವ ನಂಬಿಕೆ ಉಕ್ಕಿನಜ್ಜನಿಗೆ ಮಾಲೀಕರ ಮೇಲಿರುವಷ್ಟೇ. ಬೆಳಗಿನ ಜಾವ ಎದ್ದು, ಮೊಬೈಲನ್ನು ಕನ್ನಡಿಯಂತೆ ಮುಖದೆದುರು ಹಿಡಿದು, "ಮಳೆ ಹೊಳವಾಯಿತೇ? ಸುಣ್ಣ ತಂದೆಯಾ? ಕೊನೆಗಾರ ಬಂದನೇ?" ಎಂದು ವಿಚಾರಿಸುವರು. ಉಳಿದ ಹೊತ್ತು ಏನು ಮಾಡುವುದು? ಪಕ್ಕದ ಗ್ಯಾರೇಜಿನಲ್ಲಿ ಜೋರಾಗಿ ಜಗಳ ಕೇಳಿಸುತ್ತಿತ್ತು. "ಜಮೀನಿನ ವ್ಯಾಜ್ಯವೇನೋ" ಎಂದು ಆಸೆಯಿಂದ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಅನುವಾದಕ್ಕೆ ನಾನು.

ವರ್ಷಕ್ಕೆ 162 ಪಂದ್ಯ ಎಂದಾಗ, "ಇವರಿಗೆ ಮನೆ ಕೆಲಸವಿಲ್ಲವೇ ಮಾರಾಯ?" ಎಂದರು. ಅಷ್ಟೇ. ಉಳಿದದ್ದೆಲ್ಲ ಅವರಿಗೆ ನೀರು ಕುಡಿದಷ್ಟು ಸಲೀಸಾಗಿ ಅರ್ಥವಾಗುತ್ತ ಹೋಯಿತು. ಹನ್ನೊಂದು ವರ್ಷ ನನಗೆ ಅರ್ಥವಾಗದಿದ್ದದ್ದು. ಹದಿನೆಂಟರ ಹುಡುಗರನ್ನು ಆರಿಸಿ ತರುತ್ತಾರೆ, ಮೊದಲು ಫ್ಲಾರಿಡಾದ ಬ್ರೇಡೆಂಟನ್, ಆಮೇಲೆ ಗ್ರೀನ್ಸ್‌ಬರೊ, ಆಮೇಲೆ ಆಲ್ಟೂನಾ, ಆಮೇಲೆ ಇಂಡಿಯಾನಾಪೊಲಿಸ್, ಇಷ್ಟು ದಾಟಿದವರು ಪಿಟ್ಸ್‌ಬರ್ಗಿಗೆ ಎಂದೆ. "ಮಡಿಯಲ್ಲಿ ಗೋಟು ಹಾಕಿ, ಸಸಿಯನ್ನು ಚೀಲಕ್ಕೆ ಎಬ್ಬಿಸಿ, ಆಮೇಲೆ ತೋಟದಲ್ಲಿ ನೆಡುವುದು. ಫಸಲಿಗೆ ಐದಾರು ವರ್ಷ. ಸರಿ, ಇದರಲ್ಲಿ ಜಗಳ ಯಾಕೆ?" ಎಂದರು.

ಹುಡುಗರನ್ನು ಅಳೆಯಲು ಇಪ್ಪತ್ತರಿಂದ ಎಂಬತ್ತರವರೆಗೆ ಅಂಕ ಕೊಡುವ ಪದ್ಧತಿಯಿದೆ ಎಂದು ಲೆಕ್ಕದಮ್ಮ ಬಹಳ ಹೆಮ್ಮೆಯಿಂದ ವಿವರಿಸಿದರು. ಅಪ್ಪಯ್ಯ ನಕ್ಕುಬಿಟ್ಟರು. "ಏನೂ ಬಾರದವನಿಗೂ ಇಪ್ಪತ್ತು ಅಂಕ ಏಕೆ? ಶಿವಮೊಗ್ಗ ಮಂಡಿಯಲ್ಲಿ ಅಡಿಕೆಯ ದರ್ಜೆಯನ್ನು ಹಸ, ಬೆಟ್ಟೆ, ರಾಶಿ, ಗೊರಬಲು ಎಂದು ನಾಲ್ಕೇ ಮಾತಿನಲ್ಲಿ ಮುಗಿಸುತ್ತಾರೆ ಎಂದು ಹೇಳು." ಹೇಳಿದೆ. ಲೆಕ್ಕದಮ್ಮ ಬರೆದುಕೊಂಡರು. ಮರುದಿನದಿಂದ ನಮ್ಮ ತಂಡದ ಶಾರ್ಟ್‌ಸ್ಟಾಪ್ ಗೊರಬಲೋ ಬೆಟ್ಟೆಯೋ ಎಂಬ ಚರ್ಚೆ ಗ್ಯಾರೇಜಿನಲ್ಲಿ ಶುರುವಾಯಿತು.

ಆಮೇಲೆ ಬಂತು 2018ರ ಜುಲೈ 31ರ ಪ್ರಕರಣ. ಈ ಊರಿನಲ್ಲಿ ಅದನ್ನು ಎತ್ತುವುದೆಂದರೆ ಶ್ರಾದ್ಧದ ಮನೆಯಲ್ಲಿ ಆಸ್ತಿ ಪಾಲಿನ ಮಾತೆತ್ತಿದಂತೆ. ಅಂದು ತಂಡ ಕ್ರಿಸ್ ಆರ್ಚರ್ ಎಂಬ ಹೆಸರುವಾಸಿ ಪಿಚರ್‌ನನ್ನು ಟ್ಯಾಂಪಾ ಬೇ ತಂಡದಿಂದ ತಂದಿತು. ಬದಲಿಗೆ ಕೊಟ್ಟದ್ದು ತಾನೇ ಬೆಳೆಸಿದ ಟೈಲರ್ ಗ್ಲಾಸ್ನೌ, ಆಸ್ಟಿನ್ ಮೆಡೋಸ್ ಎಂಬ ಇಬ್ಬರನ್ನು. ಜೊತೆಗೆ, "ಹೆಸರು ಆಮೇಲೆ ತಿಳಿಸಲಾಗುವ ಒಬ್ಬ ಆಟಗಾರ."

"ಏನೆಂದೆ?" ಎಂದರು ಅಪ್ಪಯ್ಯ.

ಹೌದು, ಬೇಸ್‌ಬಾಲ್‌ನಲ್ಲಿ ಹಾಗೊಂದು ಕ್ರಮವಿದೆ ಎಂದೆ. ವ್ಯಾಪಾರ ಈಗಲೇ ಮುಗಿಯುತ್ತದೆ, ಯಾರನ್ನು ಕೊಡುವುದೆಂದು ಕೆಲವು ದಿನ ಬಿಟ್ಟು ಹೇಳುತ್ತಾರೆ.

"ಛತ್ರ ಹಿಡಿಯಿರಿ, ಅಡುಗೆಯವರಿಗೆ ಮುಂಗಡ ಕೊಡಿ, ವರ ಯಾರೆಂದು ಆಮೇಲೆ ತಿಳಿಸುತ್ತೇವೆ ಎಂದ ಹಾಗಾಯಿತು" ಎಂದರು. ಹೀಗೆ ಆಮೇಲೆ ಹೆಸರು ಬಂದ ಹುಡುಗ ಶೇನ್ ಬಾಜ್, ಹಿಂದಿನ ವರ್ಷವಷ್ಟೇ ಮೊದಲ ಸುತ್ತಿನಲ್ಲಿ ಆರಿಸಿ ತಂದವನು. ಮೆಡೋಸ್ ಮರುವರ್ಷವೇ ಆಲ್‌ಸ್ಟಾರ್, ಅಂದರೆ ಆ ವರ್ಷದ ಶ್ರೇಷ್ಠ ಆಟಗಾರರಲ್ಲಿ ಒಬ್ಬ ಆದ. ಗ್ಲಾಸ್ನೌ 2024ರಲ್ಲಿ ಆದ. ಆರ್ಚರ್ ಇಲ್ಲಿ ಏನೂ ಸಾಧಿಸದೆ, ಗಾಯಗೊಂಡು, 2020ರ ಕೊನೆಗೆ ಹೊರಟುಹೋದ. ವ್ಯಾಪಾರ ಕುದುರಿಸಿದ ಜನರಲ್ ಮ್ಯಾನೇಜರ್ ನೀಲ್ ಹಂಟಿಂಗ್ಟನ್ ಅದಕ್ಕೂ ಮೊದಲೇ, 2019ರಲ್ಲಿ, ಕೆಲಸ ಕಳೆದುಕೊಂಡಿದ್ದರು.

ಅಪ್ಪಯ್ಯ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಉಕ್ಕಿನಜ್ಜನ ಕಡೆ ತಿರುಗಿ, "ರಾಯರೇ, ಒಂದು ವರ್ಷದ ಫಸಲನ್ನು ಚೇಣಿಗೆ ಕೊಡುವುದುಂಟು. ಕೈಯಲ್ಲಿ ಕಾಸಿಲ್ಲದಾಗ ನಾನೂ ಕೊಟ್ಟಿದ್ದೇನೆ. ಆದರೆ ಇವರು ಮರವನ್ನೇ ಬುಡಸಮೇತ ಕಿತ್ತು ಕೊಟ್ಟರಲ್ಲ!" ಎಂದರು. ಫಸಲಿನ ಗುತ್ತಿಗೆಯಾದ ಚೇಣಿ ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನು ಹೇಳಬೇಕೆಂದು ನಾನು ತಡಕಾಡುತ್ತಿದ್ದಂತೆ ಉಕ್ಕಿನಜ್ಜ ಎದ್ದು ಬಂದು ಅಪ್ಪಯ್ಯನ ಕೈ ಹಿಡಿದುಕೊಂಡರು. ಅನುವಾದ ಬೇಕಾಗಲೇ ಇಲ್ಲ. ಅಂದಿನಿಂದ ನಾನು ಗ್ಯಾರೇಜಿನಲ್ಲಿ ಕಡಲೆಬೀಜದ ಖರ್ಚಿಗೆ ಮಾತ್ರ.

ಮೂಲ ವ್ಯಾಜ್ಯದ ತೀರ್ಪೂ ಅಪ್ಪಯ್ಯನ ಮುಂದೆ ಬಂತು. ಪಾಲ್ ಸ್ಕೀನ್ಸ್ ಎಂಬ ಪಿಚರ್‌ನನ್ನು 2023ರ ಆಯ್ಕೆಯಲ್ಲಿ ಎಲ್ಲರಿಗಿಂತ ಮೊದಲು ಆರಿಸಿದರು, ಮರುವರ್ಷವೇ ವರ್ಷದ ಹೊಸಬ ಪ್ರಶಸ್ತಿ ತಂದ. ಎಸೆಯುವವರು ಹೀಗೆ ಬೆಳೆಯುತ್ತಾರೆ, ಹೊಡೆಯುವವರು ಬೆಳೆಯುವುದಿಲ್ಲ. 2021ರಲ್ಲಿ ಮೊದಲಿಗನಾಗಿ ಆರಿಸಿದ ಕ್ಯಾಚರ್ ಹೆನ್ರಿ ಡೇವಿಸ್‌ನ ಬ್ಯಾಟು ಅಲ್ಲಿಯವರೆಗೆ ಬಾಯಿ ಬಿಟ್ಟಿರಲಿಲ್ಲ. ಏಕೆ? "ಒಂದೇ ತೋಟದಲ್ಲಿ ಕಾಳುಮೆಣಸು ಸೊಂಪಾಗಿ ಹಬ್ಬಿ, ಅಡಿಕೆ ಮಾತ್ರ ಸಿಂಗಾರ ಬಿಡುವುದಿಲ್ಲ ಎಂದರೆ ಮಣ್ಣನ್ನು ಬೈಯಬಾರದು. ಅಡಿಕೆ ನೋಡಿಕೊಳ್ಳುವವನನ್ನು ಬದಲಿಸಬೇಕು" ಎಂದರು. ಲೆಕ್ಕದಮ್ಮ ಚಪ್ಪಾಳೆ ತಟ್ಟಿದರು. "ಆದರೆ ಯಜಮಾನ ಗೊಬ್ಬರಕ್ಕೆ ದುಡ್ಡು ಬಿಚ್ಚದಿದ್ದರೆ ಯಾವನು ನೋಡಿಕೊಂಡರೂ ಅಷ್ಟೇ." ಉಕ್ಕಿನಜ್ಜ ತೊಡೆ ತಟ್ಟಿದರು. ಗ್ರಾಮ ಪಂಚಾಯಿತಿಗೆ ಮೂರು ಸಲ ಗೆದ್ದವರ ಮಾತು ಎಂದರೆ ಹೀಗಿರುತ್ತದೆ.

ಕೊನರ್ ಗ್ರಿಫಿನ್ ಎಂಬ ಹತ್ತೊಂಬತ್ತರ ಹುಡುಗ ಆ ಬೇಸಿಗೆಯಲ್ಲಿ ಬ್ರೇಡೆಂಟನ್‌ನಿಂದ ಗ್ರೀನ್ಸ್‌ಬರೊಗೆ, ಅಲ್ಲಿಂದ ಆಲ್ಟೂನಾಕ್ಕೆ ದಾಪುಗಾಲು ಹಾಕುತ್ತಿದ್ದ. ಅಪ್ಪಯ್ಯನಿಗೆ ಅವನ ಮೇಲೆ ಸ್ವಂತ ಮೊಮ್ಮಗನಿಗಿಂತ ಕಾಳಜಿ. "ಎಳೆಯದರಲ್ಲೇ ಬಿಸಿಲಿಗೆ ಒಡ್ಡಬೇಡಿ ಎಂದು ಆಫೀಸಿನವರಿಗೆ ಒಂದು ಪತ್ರ ಬರೆ" ಎಂದು ದಿನಾ ಪೀಡಿಸುತ್ತಿದ್ದರು. ನಾನು ಬರೆಯಲಿಲ್ಲ. ಬರೆದಿದ್ದೇನೆ ಎಂದು ಹೇಳಿದೆ. ಈಗಲೂ ಉತ್ತರ ಬಂತೇ ಎಂದು ಕೇಳುತ್ತಾರೆ.

ಜುಲೈ ಕೊನೆಗೆ ಎರಡು ಸಂಕಟ ಒಟ್ಟಿಗೆ ಬಂದವು. ತೀರ್ಥಹಳ್ಳಿಯಲ್ಲಿ ಮಳೆ ಬಿಡದೆ ಎರಡನೇ ಸುತ್ತಿನ ಔಷಧಿ ನಿಂತುಹೋಯಿತು. ಇಲ್ಲಿ ತಂಡ ಈ ಪ್ರದೇಶದಲ್ಲೇ ಹುಟ್ಟಿ ಬೆಳೆದ ಡೇವಿಡ್ ಬೆಡ್ನಾರ್‌ನನ್ನು ಯಾಂಕೀಸ್‌ಗೆ ಕೊಟ್ಟುಬಿಟ್ಟಿತು. ಕೊನೆಯ ಇನ್ನಿಂಗ್ಸ್‌ನಲ್ಲಿ ಬಂದು ಪಂದ್ಯ ಉಳಿಸಿಕೊಡುತ್ತಿದ್ದವನು ಅವನು. ಇಬ್ಬರು ಮುದುಕರೂ ಗ್ಯಾರೇಜಿನಲ್ಲಿ ಸೂತಕದವರಂತೆ ಕುಳಿತಿದ್ದರು. ಮೊದಲ ಎಸೆತಗಾರ ಎಷ್ಟೇ ಚೆನ್ನಾಗಿ ಎಸೆದರೂ ಆಮೇಲೆ ಬರುವ ಎಸೆತಗಾರರು, ಅಂದರೆ ಬುಲ್‌ಪೆನ್, ಕೈ ಚೆಲ್ಲಿದರೆ ಎಲ್ಲ ಹೋಯಿತು ಎಂದು ಉಕ್ಕಿನಜ್ಜ ಹೇಳಿದಾಗ ಅಪ್ಪಯ್ಯ, "ನಮ್ಮಲ್ಲಿ ಅದಕ್ಕೆ ಕೊಳೆ ಎನ್ನುತ್ತಾರೆ" ಎಂದರು. ತುಂಬಿ ನಿಂತ ಕೊನೆಯಿಂದ ಕಾಯಿಗಳು ಒಂದೊಂದಾಗಿ ಉದುರುವುದನ್ನು ಬೆರಳಿನಲ್ಲೇ ತೋರಿಸಿದರು. ಉಕ್ಕಿನಜ್ಜ ಆ ಪದವನ್ನು ನಾಲ್ಕು ಸಲ ಬಾಯಲ್ಲಿ ಆಡಿಸಿ ನೋಡಿದರು.

ಆಗಸ್ಟಿನಲ್ಲಿ ಒಂದು ಸಂಜೆ ನಾಲ್ವರೂ ಕ್ರೀಡಾಂಗಣಕ್ಕೆ ಹೋದೆವು. ನದಿಯಾಚೆ ದಡದ ಕಟ್ಟಡಗಳು, ಹಳದಿ ಬಣ್ಣದ ಸೇತುವೆ, ಬಿಸಿಲು ಇಳಿಯುವ ಹೊತ್ತು: ಅಲ್ಲಿ ಕುಳಿತರೆ ಸೋಲು ಕೂಡ ಚಂದ ಕಾಣುತ್ತದೆ. ಮುಂದಿನ ಸಾಲಿನಲ್ಲಿ ಮುದುಕರು, ಹಿಂದೆ ನಾನು ಮತ್ತು ಲೆಕ್ಕದಮ್ಮ. ಉಕ್ಕಿನಜ್ಜ ಪೆಟ್ಟಿಗೆಯಿಂದ ತೆಗೆದ ಬಿಳಿ ಜೆರ್ಸಿ ತೊಟ್ಟಿದ್ದರು, ಬೆನ್ನ ಮೇಲೆ 21. ಅದು ರೊಬೆರ್ಟೊ ಕ್ಲೆಮೆಂಟೆಯ ಸಂಖ್ಯೆ. ಸರಿಯಾಗಿ 3000 ಹಿಟ್ ಹೊಡೆದು, 1972ರ ಡಿಸೆಂಬರ್ 31ರಂದು ನಿಕರಾಗುವಾದ ಭೂಕಂಪ ಸಂತ್ರಸ್ತರಿಗೆ ನೆರವು ಒಯ್ಯುತ್ತಿದ್ದ ವಿಮಾನ ಬಿದ್ದು ತೀರಿಕೊಂಡ ಮಹಾನುಭಾವ. ಬಲಬದಿಯ ಗೋಡೆಯನ್ನು ಅವನ ನೆನಪಿಗೆ 21 ಅಡಿ ಎತ್ತರಕ್ಕೆ ಕಟ್ಟಿದ್ದಾರೆ. ಆ ಜೆರ್ಸಿಯನ್ನು ಉಕ್ಕಿನಜ್ಜ ಒಗೆಯುವುದು ಕೂಡ ಕೈಯಲ್ಲೇ.

ನನ್ನ ತೊಡೆಯ ಮೇಲೆ ಪೆನ್ ಹಿಲ್ಸ್ ವೆಂಕಟೇಶ್ವರ ದೇವಸ್ಥಾನದಿಂದ ತಂದ ಪುಳಿಯೋಗರೆ.

ನಾಲ್ಕನೇ ಇನ್ನಿಂಗ್ಸ್‌ನಲ್ಲಿ ಒಂದು ಚೆಂಡು ಬ್ಯಾಟಿನ ಅಂಚಿಗೆ ತಾಗಿ ನಮ್ಮ ಕಡೆಗೇ ಹಾರಿ ಬಂತು. ಹನ್ನೊಂದು ವರ್ಷದ ನಟನೆಯ ಹಿಂದೆ ಅಡಗಿದ್ದ, ತೀರ್ಥಹಳ್ಳಿ ಹೈಸ್ಕೂಲು ತಂಡದ ಸ್ಲಿಪ್ ಫೀಲ್ಡರ್ ಎಚ್ಚೆತ್ತ. ಗ್ಲೌಸ್ ತೊಟ್ಟು ಕಾಯುವ ಈ ಜನಕ್ಕೆ ಬರಿಗೈಯಲ್ಲಿ ಕ್ಯಾಚ್ ಹಿಡಿಯುವುದು ಹೇಗೆಂದು ತೋರಿಸೋಣವೆಂದು ಎದ್ದೆ. ಎರಡೂ ಕೈ ಮೇಲೆ ಹೋದವು, ಪುಳಿಯೋಗರೆ ಮುಂದಕ್ಕೆ ಹೋಯಿತು. ಚೆಂಡು ನಾಲ್ಕು ಕುರ್ಚಿಯಾಚೆ ಏಳೆಂಟು ವರ್ಷದ ಹುಡುಗಿಯೊಬ್ಬಳ ಗ್ಲೌಸಿನಲ್ಲಿ ಮೆತ್ತಗೆ ಇಳಿಯಿತು.

ಉಕ್ಕಿನಜ್ಜನ ಬೆನ್ನ ಮೇಲೆ ಎರಡಕ್ಕೂ ಒಂದಕ್ಕೂ ನಡುವೆ ಅರಿಸಿನದ ಎಣ್ಣೆ ನಿಧಾನವಾಗಿ ಇಳಿಯುತ್ತಿತ್ತು. ಒಂದರ ತುದಿಯಲ್ಲಿ ಒಂದು ಕಡಲೆಬೀಜ, ಕರಿಬೇವಿನ ಎಲೆ. ನನಗೆ ನಾಲಿಗೆ ಏಳಲಿಲ್ಲ. ಅಪ್ಪಯ್ಯ ತಿರುಗಿ ನೋಡಿ, ಕಡಲೆಬೀಜವನ್ನು ಎರಡು ಬೆರಳಿನಲ್ಲಿ ತೆಗೆದು, "ತಂಡದ ಬಣ್ಣ ಕಪ್ಪು, ಹಳದಿ ತಾನೇ? ಹೊಂದಿಕೊಳ್ಳುತ್ತದೆ ಎಂದು ಹೇಳು" ಎಂದರು. ಹೇಳಿದೆ. ಉಕ್ಕಿನಜ್ಜ ನನ್ನನ್ನು ನೋಡಲಿಲ್ಲ. "ನಿನ್ನಪ್ಪ ತಂಡ ನಡೆಸಬೇಕಿತ್ತು" ಎಂದಷ್ಟೇ ಲೆಕ್ಕದಮ್ಮ ನನ್ನ ಕಿವಿಯಲ್ಲಿ ಉಸುರಿದರು. "ನೀನಲ್ಲ" ಎಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ.

ಎಂಟನೇ ಇನ್ನಿಂಗ್ಸ್‌ವರೆಗೆ ನಮ್ಮವರೇ ಮುಂದಿದ್ದರು. ಪಿಚರ್ ಬದಲಾದ. ಕೆಟ್ಟ ಎಸೆತಗಳಿಂದಾಗಿ ಎದುರಾಳಿ ಬ್ಯಾಟರಿಗೆ ಒಂದು ಬಿಟ್ಟಿ ನಡಿಗೆ, ಒಂದು ಹಿಟ್, ಇನ್ನೊಂದು ನಡಿಗೆ, ಮತ್ತೊಬ್ಬ ಪಿಚರ್, ಮತ್ತೊಂದು ಹಿಟ್. ಕಾಯಿಗಳು ಉದುರತೊಡಗಿದವು. ಉಕ್ಕಿನಜ್ಜ ಎದ್ದು ನಿಂತರು. ಅಪ್ಪಯ್ಯ ಹೇಳಿಕೊಟ್ಟ ಪದ ಅವರಿಗೆ ಸರಿಯಾಗಿ ನೆನಪಿತ್ತು, ಆದರೆ ಅವರ ನಾಲಿಗೆಗೆ ಳಕಾರ ಎಂದೂ ಹೊರಳಿದ್ದಿಲ್ಲ. ಎರಡೂ ಕೈ ಎತ್ತಿ, ಉಕ್ಕಿನ ಕುಲುಮೆಯ ಸದ್ದನ್ನು ಮೀರಿ ಕೂಗಿ ರೂಢಿಯಾದ ಗಂಟಲಿನಲ್ಲಿ, "ಕೊಲೆ! ಕೊಲೆ!" ಎಂದು ಅರಚಿದರು.

ಎಂಟು ಸಾಲು ಕೆಳಗೆ ಒಬ್ಬ ಯುವಕ, ಪಕ್ಕದಲ್ಲಿ ಅವನ ಹೆಂಡತಿ, ಇಬ್ಬರೂ ಒಮ್ಮೆಗೇ ಬೆಚ್ಚಿ ಹಿಂದಿರುಗಿ ನೋಡಿದರು. ಅವರಿಗೆ ಕಂಡದ್ದು ಬೆನ್ನಿನಿಂದ ಹಳದಿ ದ್ರವ ಸುರಿಯುತ್ತಿರುವ ಒಬ್ಬ ಅಮೆರಿಕನ್ ಮುದುಕ, ಅವರ ರಟ್ಟೆ ಹಿಡಿದು ಸಮಾಧಾನ ಮಾಡುತ್ತಿರುವ, ಬಿಳಿ ಪಂಚೆಯ ನಮ್ಮಪ್ಪಯ್ಯ, ಮತ್ತು ಖಾಲಿ ಡಬ್ಬಿ ಹಿಡಿದು ನಿಂತ ನಾನು.

"ಯಾರು ಸಾರ್, ಎಲ್ಲಿ?" ಎಂದು ಯುವಕ ಅಲ್ಲಿಂದಲೇ ಕನ್ನಡದಲ್ಲಿ ಕೂಗಿ ಕೇಳಿದ.

"ಬುಲ್‌ಪೆನ್" ಎಂದರು ಅಪ್ಪಯ್ಯ.