ನಾನೇ ಬಂದು ಊದ್ತೀನಿ

ಅಪ್‌ಡೇಟ್ ಮುಗಿದ ಮೇಲೆ ಒಂದು ಸಲ ರೀಸ್ಟಾರ್ಟ್ ಮಾಡಪ್ಪಾ ಅಂತ ನನ್ನ ಲಿನಕ್ಸ್ ಕಂಪ್ಯೂಟರ್ ಯಾವತ್ತೂ ಹೇಳುವುದಿಲ್ಲ. ಅದಕ್ಕೆ ಬಿಗುಮಾನ ಜಾಸ್ತಿ. ಟರ್ಮಿನಲ್‌ನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ಅಪ್‌ಡೇಟ್ ಕಮಾಂಡ್ ಕೊಟ್ಟರೆ ಪ್ಯಾಕೇಜುಗಳ (ಸಾಫ್ಟ್‌ವೇರ್ ಕಟ್ಟುಗಳ) ಉದ್ದನೆಯ ಪಟ್ಟಿ ತೋರಿಸಿ, ‘ಮುಂದುವರಿಯಲೇ?’ ಅನ್ನುತ್ತದೆ. ಪಕ್ಕದಲ್ಲಿ ದೊಡ್ಡ ವೈ, ಚಿಕ್ಕ ಎನ್. ವೈ ದೊಡ್ಡದಿದೆ ಅಂದರೆ ಸುಮ್ನೆ ಎಂಟರ್ ಒತ್ತಿದರೂ ‘ಹೂಂ’ ಅಂದ ಹಾಗೆಯೇ. ಒಪ್ಪಿಗೆ ಪತ್ರ ಅವರೇ ಬರೆದಿಟ್ಟಿರುತ್ತಾರೆ, ನಾವು ಹೆಬ್ಬೆಟ್ಟು ಒತ್ತಬೇಕು ಅಷ್ಟೇ.

ಸದಾ ಹೊಸದಾಗುತ್ತಲೇ ಇರುವ ‘ರೋಲಿಂಗ್ ರಿಲೀಸ್’ ಲಿನಕ್ಸ್ ಜೊತೆ ಸಂಸಾರ ಮಾಡುವವರಿಗೆ ಇದೇನೂ ಹೊಸದಲ್ಲ. ಡೆಬಿಯನ್ ಎಂಬ ಲಿನಕ್ಸ್‌ನವರು ಹೆಚ್ಚುಕಡಿಮೆ 2 ವರ್ಷಕ್ಕೊಮ್ಮೆ ಸ್ಥಿರ ಆವೃತ್ತಿ ಬಿಡುತ್ತಾರೆ. ನಡುವೆ ಸಣ್ಣಪುಟ್ಟ ರಿಪೇರಿ ಬಿಟ್ಟರೆ ನೆಮ್ಮದಿ. ಆರ್ಚ್, ಟಂಬಲ್‌ವೀಡ್, ವಾಯ್ಡ್ ಎಂಬ ರೋಲಿಂಗ್ ಲಿನಕ್ಸ್‌ಗಳ ಕಡೆಯವರಿಗೆ ಆ ಭಾಗ್ಯವಿಲ್ಲ. ಬಂದದ್ದು ಬಂದ ಹಾಗೆ ಒಳಗೆ. ಯಾವ ಆವೃತ್ತಿ ಹಾಕಿದ್ದೀಯ ಅಂತ ಯಾರಾದರೂ ಕೇಳಿದರೆ ‘ಇವತ್ತಿಂದು’ ಅನ್ನಬೇಕು. ನಾನು ಬಳಸುವುದು ಯಾವುದು ಅಂತ ಹೇಳುವುದಿಲ್ಲ. ಹೇಳಿದರೆ ಅರ್ಧ ಜನ ‘ವಿಕಿ ಓದಿ’ ಅನ್ನುತ್ತಾರೆ, ಉಳಿದ ಅರ್ಧ ‘ನಮಗೇನೂ ತೊಂದರೆ ಆಗಿಲ್ಲವಲ್ಲ’ ಅನ್ನುತ್ತಾರೆ. ಎರಡನೆಯವರ ಮೇಲೆ ನನಗೆ ಸಿಟ್ಟು ಹೆಚ್ಚು.

ಈಗ ಭಾವನ ವಿಷಯಕ್ಕೆ ಬರೋಣ. ಮೊನ್ನೆ ಭಾವ ಪೆನ್‌ಡ್ರೈವ್ ಹಿಡಿದುಕೊಂಡು ಬಂದರು. ನನ್ನ ಹತ್ತಿರವಿದ್ದ ಒಂದಷ್ಟು ಫೋಟೋ ಬೇಕಿತ್ತು. ‘ಒಂದು ನಿಮಿಷದ ಕೆಲಸ, ಕೂರೋದೂ ಇಲ್ಲ’ ಅಂದರು. ಬೆಳಿಗ್ಗೆ ತಾನೇ ಅಪ್‌ಡೇಟ್ ಆಗಿತ್ತು. ಪಟ್ಟಿಯಲ್ಲಿ ಕರ್ನೆಲ್ಲೂ, ಅಂದರೆ ಸಿಸ್ಟಂನ ತಿರುಳೂ, ಇತ್ತು. ಪೆನ್‌ಡ್ರೈವ್ ಚುಚ್ಚಿದೆ. ಅದರ ತುದಿಯ ದೀಪ ಮಿಣುಕಿತು. ಪರದೆಯ ಮೇಲೆ ಏನೂ ಇಲ್ಲ.

‘ತಿರುಗಿಸಿ ಹಾಕು’ ಅಂದರು ಭಾವ. ತಿರುಗಿಸಿದರೆ ಅದು ಒಳಗೇ ಹೋಗುವುದಿಲ್ಲ. ಆದರೂ ಹಿರಿಯರ ಮಾತು, ಪ್ರಯತ್ನಿಸಿದೆ. ಆಮೇಲೆ ಅವರೇ ಕಿತ್ತುಕೊಂಡು, ಬಾಯಿಂದ ಜೋರಾಗಿ ಊದಿ, ಅಂಗಿಗೆ ಒರೆಸಿ ಕೊಟ್ಟರು. ಏನೂ ಆಗಲಿಲ್ಲ. ಟರ್ಮಿನಲ್‌ನಲ್ಲಿ ಮೌಂಟ್ ಮಾಡಲು, ಅಂದರೆ ಅದನ್ನು ಸಿಸ್ಟಂಗೆ ಜೋಡಿಸಲು, ಹೋದರೆ ಉತ್ತರ ಬಂತು: ಪೆನ್‌ಡ್ರೈವ್‌ನಲ್ಲಿ ಕಡತ ಜೋಡಿಸಿಡುವ ವಿಫ್ಯಾಟ್ ಅನ್ನುವ ಪದ್ಧತಿ (ಫೈಲ್‌ಸಿಸ್ಟಂ) ತನಗೆ ಗೊತ್ತಿಲ್ಲವಂತೆ. 1995ರಿಂದ ಲೋಕವೆಲ್ಲ ಬಳಸುತ್ತಿರುವ ವಿಫ್ಯಾಟ್!

ಕಾರಣ ನನಗೆ ಗೊತ್ತಿತ್ತು. ಗೊತ್ತಿದ್ದರೆ ಉರಿ ಇನ್ನೂ ಜಾಸ್ತಿ. ಕರ್ನೆಲ್ ಎಲ್ಲವನ್ನೂ ಮೊದಲೇ ತಲೆಯಲ್ಲಿ ತುಂಬಿಕೊಂಡಿರುವುದಿಲ್ಲ. ಬೇಕಾದಾಗ ಬೇಕಾದ ಮಾಡ್ಯೂಲನ್ನು, ಅಂದರೆ ಆಯಾ ಕೆಲಸದ ತುಣುಕನ್ನು, ಡಿಸ್ಕಿನಿಂದ ಎತ್ತಿಕೊಳ್ಳುತ್ತದೆ. ಬೆಳಿಗ್ಗೆಯ ಅಪ್‌ಡೇಟ್ ಹಳೇ ಕರ್ನೆಲ್ಲಿನ ಮಾಡ್ಯೂಲ್‌ಗಳನ್ನು ಪೂರ್ತಿ ಗುಡಿಸಿ, ಹೊಸದರದ್ದನ್ನು ತಂದಿಟ್ಟಿತ್ತು. ಆದರೆ ಓಡುತ್ತಿದ್ದದ್ದು ಇನ್ನೂ ಹಳೇ ಕರ್ನೆಲ್. ಅದು ತನ್ನ ಕಪಾಟಿಗೆ ಕೈ ಹಾಕಿದರೆ ಕಪಾಟೇ ಇಲ್ಲ.

ಇದನ್ನೆಲ್ಲ ಭಾವನಿಗೆ ವಿವರಿಸಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡರು.

‘ಅಂದ್ರೆ, ಬೆಳಿಗ್ಗೆ ಅಪ್‌ಡೇಟ್ ಮಾಡಿದ್ದಕ್ಕೆ ಸಂಜೆ ಹೊತ್ತಿಗೆ ಪೆನ್‌ಡ್ರೈವ್ ಮರೆತುಹೋಯ್ತು.’

‘ಹೌದು ಭಾವ.’

‘ಹೊಸದು ಬಂದ ಮೇಲೆ ಜಾಸ್ತಿ ಗೊತ್ತಾಗಬೇಕಲ್ವಾ?’

ನನ್ನ ಹತ್ತಿರ ಉತ್ತರವಿರಲಿಲ್ಲ. ರೀಸ್ಟಾರ್ಟ್ ಮಾಡೋಣವೆಂದರೆ ಒಂದು ದೊಡ್ಡ ವಿಡಿಯೋ ಪರಿವರ್ತನೆ ಆಗುತ್ತಿತ್ತು, ಮುಗಿಯಲು ಇನ್ನೂ ಹೊತ್ತಿತ್ತು. ಕೂರುವುದೂ ಇಲ್ಲ ಅಂದಿದ್ದ ಭಾವ ಕುರ್ಚಿ ಎಳೆದುಕೊಂಡು ಕೂತರು. ಶೇಕಡಾ ಏರುವುದನ್ನು ನೋಡುತ್ತ, ನಡುನಡುವೆ ಪೆನ್‌ಡ್ರೈವ್ ಊದುತ್ತಲೇ ಇದ್ದರು. ಕೊನೆಗೆ ರೀಸ್ಟಾರ್ಟ್ ಆಯಿತು. ಚುಚ್ಚಿದ ತಕ್ಷಣ ಫೋಲ್ಡರ್ ತೆರೆದುಕೊಂಡಿತು. ಭಾವ ನನ್ನ ಭುಜ ತಟ್ಟಿ, ‘ನೋಡಿದ್ಯಾ, ಧೂಳು!’ ಅಂದರು.

ಆವತ್ತಿನಿಂದ ಫೋನ್ ಮಾಡಿದಾಗಲೆಲ್ಲ ‘ಹೇಗಿದ್ದೀಯ’ ಅನ್ನುವ ಬದಲು ‘ಅಪ್‌ಡೇಟ್ ಆಯ್ತಾ’ ಅಂತ ಕೇಳುತ್ತಾರೆ. ಜೊತೆಗೊಂದು ಸಲಹೆ: ‘ಇಷ್ಟೊಂದು ತೊಂದರೆ ಆದ್ರೆ ಅಪ್‌ಡೇಟ್ ಮಾಡಲೇಬೇಡ.’ ಅದಾದರೂ ಸಾಧ್ಯವೇ? ತಿಂಗಳುಗಟ್ಟಲೆ ಬಿಟ್ಟು ಆಮೇಲೆ ಹೋದರೆ, ಪ್ಯಾಕೇಜಿನ ಮೇಲಿರುವ ಸಹಿಯನ್ನೇ ನಂಬಲಾರೆ ಅನ್ನುತ್ತದೆ. ಸಹಿ ಪರೀಕ್ಷಿಸಲು ನಮ್ಮಲ್ಲಿರುವ ಕೀಲಿಗಳು ಅಷ್ಟರಲ್ಲಿ ಹಳೆಯವಾಗಿರುತ್ತವೆ. ಸರಿ, ಬ್ರೌಸರ್ ಒಂದನ್ನೇ ಹೊಸದು ಮಾಡಿಕೊಳ್ಳೋಣವೆಂದರೆ, ಅದು ಕೇಳುವ ಲೈಬ್ರರಿ, ಅಂದರೆ ಹಲವು ಪ್ರೋಗ್ರಾಂ ಹಂಚಿಕೊಳ್ಳುವ ಭಾಗ, ಇನ್ನೂ ಹೊಸದು. ಆ ಲೈಬ್ರರಿಯನ್ನು ಹಾಕಿದರೆ ಹಳೆಯದನ್ನು ನಂಬಿಕೊಂಡಿದ್ದ ಮತ್ತೆ ನಾಲ್ಕು ಪ್ರೋಗ್ರಾಂ ಏಳುವುದಿಲ್ಲ. ಅರ್ಧಂಬರ್ಧ ಅಪ್‌ಡೇಟಿಗೆ ಬೆಂಬಲವಿಲ್ಲ ಅಂತ ಆರ್ಚ್ ವಿಕಿಯೇ ಕಡ್ಡಿ ಮುರಿದಂತೆ ಹೇಳುತ್ತದೆ. ಕೊಂಡರೆ ಇಡೀ ಅಂಗಡಿ, ಇಲ್ಲದಿದ್ದರೆ ಹೊರಗೆ.

ಒಂದು ಸಲ ಭಾವನ ಮುಂದೆ ನಮ್ಮ ಪಂಗಡದ ಮಾನ ಉಳಿಸಲು ನೋಡಿದೆ. 2024ರ ಮಾರ್ಚ್‌ನಲ್ಲಿ ಕಡತ ಕುಗ್ಗಿಸುವ ಎಕ್ಸ್‌ಜೆಡ್ ಅನ್ನುವ ಪ್ಯಾಕೇಜಿನಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದು ಸಿಕ್ಕಿಬಿತ್ತಲ್ಲ, ಅದನ್ನು ಕಂಡುಹಿಡಿದವರು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್. ಡೆಬಿಯನ್ನಿನ ಸದಾ ಬದಲಾಗುವ ಸಿಡ್ ಆವೃತ್ತಿಯಲ್ಲಿ ಅವರ ಎಸ್‌ಎಸ್‌ಹೆಚ್ ಲಾಗಿನ್ (ದೂರದಿಂದ ಕಂಪ್ಯೂಟರಿನೊಳಗೆ ಹೋಗುವುದು) ಸುಮಾರು ಅರ್ಧ ಸೆಕೆಂಡ್ ತಡ ಆಗುತ್ತಿತ್ತು. ಅರ್ಧ ಸೆಕೆಂಡ್! ನಾವಾದರೆ ನೆಟ್‌ವರ್ಕನ್ನು ಬೈದು ಸುಮ್ಮನಾಗುತ್ತಿದ್ದೆವು. ಅವರು ಬೆನ್ನು ಹತ್ತಿದರು. ಡೆಬಿಯನ್‌ನ ಸ್ಥಿರ ಆವೃತ್ತಿಗೆ ತಲುಪುವ ಮೊದಲೇ ಕಳ್ಳಬಾಗಿಲು ಬಯಲಾಯಿತು. ‘ನೋಡಿ ಭಾವ, ಹೊಸದನ್ನು ಮೊದಲು ಹಾಕಿಕೊಳ್ಳುವವರು ಇರೋದರಿಂದಲೇ ಉಳಿದವರು ಕ್ಷೇಮ’ ಅಂದೆ.

‘ಅಂದ್ರೆ ಮೊದಲು ನೀವು ಬಿದ್ದು, ಇಲ್ಲಿ ಗುಂಡಿ ಇದೆ ಅಂತ ನಮಗೆ ಕೂಗಿ ಹೇಳ್ತೀರಿ.’

ಇಷ್ಟು ಚೆನ್ನಾಗಿ ನಾನೇ ಹೇಳಲು ಆಗುತ್ತಿರಲಿಲ್ಲ.

ಬಿದ್ದದ್ದಕ್ಕೆ ಬೇಜಾರಿಲ್ಲ, ಎದ್ದರಾಯಿತು. ಬೇಜಾರಾಗುವುದು ಮರಳಿ ಬಾರದ ವಸ್ತುಗಳಿಗೆ. ಪರದೆಯ ಮೇಲಿನ ಪಟ್ಟಿಯಲ್ಲಿ ನನಗೊಂದು ಪುಟ್ಟ ಎಕ್ಸ್‌ಟೆನ್ಷನ್ ಇತ್ತು. ಗಡಿಯಾರದ ಪಕ್ಕ ಒಂದು ಸಾಲು ಬರೆದಿಟ್ಟುಕೊಳ್ಳಬಹುದಿತ್ತು, ಅಷ್ಟೇ ಅದರ ಕೆಲಸ. ಡೆಸ್ಕ್‌ಟಾಪಿನ ಹೊಸ ಆವೃತ್ತಿ ಬಂದಾಗಲೆಲ್ಲ ಅದು ಕೆಡುತ್ತಿತ್ತು. ಬರೆದವರು ಯಾರೋ, ಕೆಲವು ದಿನದಲ್ಲಿ ಸರಿಪಡಿಸುತ್ತಿದ್ದರು. ಒಂದು ಸಲ ಸರಿಯಾಗಲಿಲ್ಲ. ಮುಂದಿನ ಸಲವೂ ಇಲ್ಲ. ಅವರಿಗೆ ಬೇರೆ ಕೆಲಸ ಸಿಕ್ಕಿತೋ, ಸಾಕಾಯಿತೋ. ಅಷ್ಟು ದಿನ ಪುಕ್ಕಟೆ ಬಳಸಿ ಒಂದು ಥ್ಯಾಂಕ್ಸ್ ಕೂಡ ಹೇಳಿರಲಿಲ್ಲ. ಈಗಲೂ ಕಣ್ಣು ಗಡಿಯಾರದ ಪಕ್ಕಕ್ಕೆ ಹೋಗುತ್ತದೆ.

ಇವತ್ತಿನ ಪಟ್ಟಿಯಲ್ಲಿ ಕರ್ನೆಲ್, ಗ್ರಾಫಿಕ್ಸ್ ನೋಡಿಕೊಳ್ಳುವ ಮೆಸಾ, ಸೇವೆಗಳನ್ನು ಶುರುಮಾಡುವ ಸಿಸ್ಟಂಡಿ ಮೂರೂ ಒಟ್ಟಿಗೆ ಬಂದಿವೆ. ಎಂಟರ್ ಮೇಲೆ ಬೆರಳಿಟ್ಟು ಕೂತಿರುವಾಗಲೇ ಭಾವನ ಫೋನ್ ಬಂತು. ಹಳೇ ಪೆನ್‌ಡ್ರೈವ್ ಮೇಲೆ ಅವರಿಗೆ ನಂಬಿಕೆ ಹೋಗಿದೆಯಂತೆ. ದೊಡ್ಡದೊಂದು ಹೊಸದು ತಗೊಂಡಿದ್ದಾರಂತೆ, ಸಂಜೆ ತರುತ್ತಾರಂತೆ.

‘ಬರೋ ಮೊದಲು ಒಂದು ಫೋನ್ ಮಾಡಿ ಭಾವ’ ಅಂದೆ.

‘ಯಾಕೋ? ನಾನೇ ಬಂದು ಊದ್ತೀನಲ್ಲ’ ಅಂದರು.