ಸ್ಪಷ್ಟನೆ: ದಖ್ಖನ್‌ನಲ್ಲಿ ಭೂಕಂಪ ಆಗಲ್ಲ ಅನ್ನೋದು ತಪ್ಪು

ಶಾಲಾ ಪ್ರಾಜೆಕ್ಟ್‌ಗೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ಒಂದು ಬರಹ ಓಡಾಡುತ್ತಿದೆ. ‘ದಖ್ಖನ್ ಗಟ್ಟಿ ಬಂಡೆಯ ನೆಲ, ಇಲ್ಲಿ ಭೂಕಂಪ ಆಗುವುದಿಲ್ಲ. ಭಾರತದಲ್ಲಿ ಜೀವಂತ ಜ್ವಾಲಾಮುಖಿ ಇಲ್ಲ’ ಎನ್ನುತ್ತದೆ ಅದು. ಎರಡೂ ತಪ್ಪು. ದಯವಿಟ್ಟು ಮಕ್ಕಳ ಚಾರ್ಟ್‌ನಲ್ಲಿ ಇದನ್ನು ಬರೆಸಬೇಡಿ.

1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕಕ್ಕೆ ಕೆಲವೇ ನಿಮಿಷ ಬಾಕಿ. ನಮ್ಮ ಗಡಿಯಾಚೆಯ ಲಾತೂರು ಜಿಲ್ಲೆಯ ಕಿಲ್ಲಾರಿ. ಜನ ಗಣೇಶನನ್ನು ಬಿಟ್ಟು ಬಂದು ಮಲಗಿದ್ದರು. 6.2 ತೀವ್ರತೆಯ ಕಂಪನಕ್ಕೆ ಸುಮಾರು 10,000 ಜನ ಸತ್ತರು. ಅಲ್ಲಿನ ಮನೆಗಳದ್ದು ದಪ್ಪ ಕಲ್ಲಿನ ಗೋಡೆ. ಕಲ್ಲು ಕಲ್ಲಿಗೂ ನಡುವೆ ಬರೀ ಮಣ್ಣು. ಮೇಲೆ ಮರದ ತೊಲೆ, ಅದರ ಮೇಲೆ ಮತ್ತೆ ದಪ್ಪನೆಯ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ತಂಪಾಗಿಟ್ಟ ಆ ಭಾರವೇ ಮಲಗಿದ್ದವರ ಮೇಲೆ ಕುಸಿಯಿತು. ಅದಕ್ಕೂ ಮುಂಚೆ, 1967ರ ಡಿಸೆಂಬರ್‌ನಲ್ಲಿ ಕೊಯ್ನಾ ಅಣೆಕಟ್ಟಿನ ಹತ್ತಿರವೂ ಇಂಥದ್ದೇ ದೊಡ್ಡ ಕಂಪನ ಆಗಿತ್ತು.

ಹಿಮಾಲಯಕ್ಕೆ ಹೋಲಿಸಿದರೆ ಇಲ್ಲಿ ಅಪಾಯ ಕಡಿಮೆ, ನಿಜ. ಕಡಿಮೆ ಅಂದರೆ ಇಲ್ಲವೇ ಇಲ್ಲ ಅಂತಲ್ಲ, ಅಲ್ವಾ?

ಇನ್ನು ಜ್ವಾಲಾಮುಖಿ. ಅಂಡಮಾನ್‌ನ ಬ್ಯಾರನ್ ದ್ವೀಪ ಜೀವಂತವಾಗಿದೆ. ಬಹುಕಾಲ ಸುಮ್ಮನಿದ್ದು 1991ರಲ್ಲಿ ಮತ್ತೆ ಉಗುಳಿತು, ಆಮೇಲೂ ಹಲವು ಸಲ. ಮಲ್ಪೆ ಹತ್ತಿರದ ಸೇಂಟ್ ಮೇರಿಸ್ ದ್ವೀಪದ ಕಂಬಗಲ್ಲುಗಳು ಮಾತ್ರ ಕೋಟ್ಯಂತರ ವರ್ಷಗಳ ಹಿಂದೆ ಆರಿದ ಲಾವಾ. ಅದನ್ನು ಜ್ವಾಲಾಮುಖಿ ಅಂತ ಬರೆದಿದ್ದರೆ ಅದನ್ನೂ ತಿದ್ದಿಸಿ.